ಹಿತ್ತಲಿಗೆ ಹಾಕಿದ ಲ್ಯಾಪ್‌ಟಾಪು

ನನ್ನ ಕಣ್ಣು ತಪ್ಪಿಸಿ ಒಂದು ಇರುವೆಯೂ ಹೋಗುವುದಿಲ್ಲ ಎಂದು ನಮ್ಮತ್ತೆ ಸಣ್ಣಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಅದು ಹೊಗಳಿಕೆಯೋ ಬೈಗುಳವೋ ಎಂದು ನಾನು ಕೇಳಲು ಹೋಗಿಲ್ಲ, ಯಾಕೆಂದರೆ ಮಾತು ನಿಜ. ಹರವೆಯ ಬಸ್‌ಸ್ಟಾಪಿನ ಪಕ್ಕದಲ್ಲಿ ನನ್ನದೊಂದು ಆನ್‌ಲೈನ್ ಅಂಗಡಿಯಿದೆ. ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್ಟು ಎಲ್ಲಕ್ಕೂ ಜನ ನನ್ನ ಹತ್ತಿರವೇ ಬರಬೇಕು. ಫೋಟೋದಲ್ಲಿ ಒಂದು ಕಿವಿ ಕೂದಲಿನಲ್ಲಿ ಮುಚ್ಚಿಕೊಂಡಿದ್ದರೂ ಅರ್ಜಿ ವಾಪಸ್ಸು ಬರುತ್ತದೆ. ಆ ಕಿವಿಯನ್ನು ನಾನು ಮೊದಲೇ ಹಿಡಿದು, ಹೋಗಿ ತಲೆ ಬಾಚಿಕೊಂಡು ಬನ್ನಿ ಅನ್ನುತ್ತೇನೆ. ಈ ಪವಿತ್ರಳ ಬಾಯಿ ಜೋರು ಎಂದು ಬೈದುಕೊಂಡು ಹೋದವರೂ ತಲೆ ಬಾಚಿಕೊಂಡು ನನ್ನ ಹತ್ತಿರಕ್ಕೇ ಬರುತ್ತಾರೆ.

ಲ್ಯಾಪ್‌ಟಾಪು ಉಬ್ಬಿದ್ದನ್ನೂ ಹಾಗೆಯೇ ಹಿಡಿದೆ. ಮೊದಲು, ಬೆರಳಾಡಿಸುವ ಚೌಕ ಎಷ್ಟು ಒತ್ತಿದರೂ ಒಳಕ್ಕೆ ಹೋಗಲಿಲ್ಲ. ಆಮೇಲೆ ಮುಚ್ಚಳ ಹಾಕಿದರೆ ಬಾಯಿ ಕೂಡಲಿಲ್ಲ. ಮೇಜಿನ ಮೇಲಿಟ್ಟರೆ ಕುಂಟು ಮಣೆಯ ಹಾಗೆ ಅಲ್ಲಾಡಿತು. ತಿರುಗಿಸಿ ನೋಡಿದರೆ ಹೊಟ್ಟೆ ಊದಿಕೊಂಡಿತ್ತು. ಚಾಮರಾಜನಗರದಲ್ಲಿ ಅದನ್ನು ರಿಪೇರಿ ಮಾಡುವ ಶರತ್‌ಗೆ ಫೋಟೋ ತೆಗೆದು ಕಳಿಸಿದೆ. ಅವನು ಕೂಡಲೇ ಫೋನು ಮಾಡಿದ. ಬ್ಯಾಟರಿ ಕೆಟ್ಟು ಒಳಗೆ ಗಾಳಿ ತುಂಬಿಕೊಂಡಿದೆ, ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬಿಸಿ ತಾಗಿಸಬೇಡಿ ಎಂದ. ನೈಲ್ ಪಾಲಿಶ್ ತರಹ ಸಿಹಿ ವಾಸನೆ ಬಂದರೆ ಮನೆಯವರನ್ನೆಲ್ಲ ಆಚೆಗೆ ಕಳಿಸಿ ಎಂದೂ ಹೇಳಿದ. ಅದನ್ನು ಬಿಚ್ಚುವುದಕ್ಕೆ ತನ್ನ ಕೈಯೇ ಬೇಕು, ಆದರೆ ತಾನು ಹಬ್ಬಕ್ಕೆ ಹೆಂಡತಿಯ ಊರಿಗೆ ಬಂದಿದ್ದೇನೆ, ಅಂಗಡಿ ತೆಗೆಯುವುದು ವಿಜಯದಶಮಿ ಕಳೆದ ಮೇಲೆಯೇ ಎಂದು ಅಲ್ಲಿಗೆ ಮುಗಿಸಿದ. ಅಲ್ಲಿಯತನಕ ಮರಳಿನ ಮೇಲೆ ಇಡಬೇಕಂತೆ.

ಅವತ್ತಿನಿಂದ ನನಗೆ ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು. ಗಾರೆ ಕೆಲಸದ ಬಾಂಡ್ಲಿಗೆ ಮರಳು ತುಂಬಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪನ್ನು ಮಲಗಿಸಿ, ಕೋಳಿ ಕೆದಕದ ಹಾಗೆ ಮಂಕರಿ ಕವುಚಿದೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದೆ. ಎಲ್ಲರೂ ಅಂದರೆ ನನ್ನ ಗಂಡ ಸೋಮೇಶ, ಮಾವ ಗೋವಿಂದಯ್ಯ, ಅತ್ತೆ.

"ಊದಿಕೊಂಡಿರೋದನ್ನ ಮನೆ ಒಳಗೆ ಇಟ್ಕೋಬಾರದು. ಯಾವಾಗ ಏನಾಗುತ್ತೋ ಹೇಳಕ್ಕಾಗಲ್ಲ. ಯಾರೂ ಮುಟ್ಟಬೇಡಿ" ಅಂದೆ.

ಸೋಮೇಶ ತಲೆಯಾಡಿಸಿದ. ಮಾವ ಮುದ್ದೆ ಮುರಿಯುತ್ತಲೇ ಇದ್ದರು. ಅತ್ತೆ ಮಾತ್ರ ಕೈ ನಿಲ್ಲಿಸಿ, "ಅದ್ರ ಊತ ಇಳಿಯಕಿಲ್ವಾ ಪವಿತ್ರ?" ಎಂದು ಕೇಳಿದರು.

"ಇಳಿಯಲ್ಲ ಅತ್ತೆ. ಊದಿದ ಮೇಲೆ ಎಸೆಯೋದೇ."

"ಇಷ್ಟ್ ವರ್ಸ ಅನ್ನ ಆಕ್ತಲ್ಲವ್ವಾ" ಅಂದರು ಅತ್ತೆ. ಆಮೇಲೆ ಊಟ ಸೇರಲಿಲ್ಲವೆಂದು ತಟ್ಟೆ ಸರಿಸಿದರು. ಒಂದು ಮಿಷನ್ನಿಗೆ ಈ ಪಾಟಿ ದುಃಖವೇ ಎಂದು ನಾನು ನಕ್ಕೆ. ಆ ದಿನಗಳಲ್ಲಿ ನನಗೆ ಅತ್ತೆಯನ್ನು ಕಂಡರೆ ನಗುವುದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಅವರು ತಮ್ಮ ಚಪ್ಪಲಿ ಬಿಟ್ಟು ಸೋಮೇಶನ ಹಳೇ ಅಗಲದ ಚಪ್ಪಲಿ ಹಾಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಅತ್ತೆಗೆ ಈಗ ಗಂಡಸರ ಫ್ಯಾಶನ್ನು ಬಂದಿದೆ ಎಂದು ಅಣಕಿಸುತ್ತಿದ್ದೆ. ಕಾಲುಂಗುರ ಸವೆಯಿತು, ಆಚಾರಿಗೆ ಕೊಟ್ಟಿದ್ದೀನಿ ಎಂದು ಬೆರಳಿಗೆ ಅರಿಶಿನದ ದಾರ ಕಟ್ಟಿಕೊಂಡಿದ್ದರು. ಆಚಾರಿ ಬೆಳ್ಳಿ ಕರಗಿಸುತ್ತಿದ್ದಾನೋ ಗಣಿಯಿಂದ ಅಗೆಯುತ್ತಿದ್ದಾನೋ ಎಂದು ಅದಕ್ಕೂ ಒಂದು ಮಾತು ಹಾಕಿದೆ. ಅವರೂ ನಗುತ್ತಿದ್ದರು.

ಆಯುಧಪೂಜೆಯ ದಿನ ಬೆಳಕು ಹರಿಯುವ ಹೊತ್ತಿಗೇ ನಾನು ಎದ್ದು ಹಿತ್ತಲಿಗೆ ಹೋಗಿ ಮಂಕರಿ ಎತ್ತಿ ನೋಡಿದೆ. ಮುಚ್ಚಳದ ಸಂದು ಇನ್ನಷ್ಟು ಅಗಲವಾದ ಹಾಗಿತ್ತು. ಮತ್ತೆ ಮುಚ್ಚಿದೆ. ಒಲೆಯ ಮೇಲೆ ಪಾಯಸಕ್ಕೆ ಇಟ್ಟು ಇನ್ನೊಂದು ಸಲ ಹೋಗಿ ನೋಡಿದೆ. ಬಿಸಿಲು ಬಂದರೆ ಬಿಸಿಯಾಗುತ್ತದೆ ಎಂದು ನೆರಳಿಗೆ ಎಳೆದೆ, ನೆರಳು ಹುಲ್ಲಿನ ಮೆದೆಯ ಹತ್ತಿರ ಎಂದು ಹೊಳೆದು ವಾಪಸ್ಸು ಎಳೆದೆ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಶರತ್ ಇಲ್ಲದಿದ್ದರೆ ಊರಲ್ಲಿ ಬೇರೆ ಯಾರೂ ಇಲ್ಲವೇ, ಚಾಮರಾಜನಗರಕ್ಕೇ ಹೋಗಿ ಯಾರನ್ನಾದರೂ ಕರೆದುಕೊಂಡು ಬರುತ್ತೇನೆ ಎಂದು ಹೊರಟೆ. ಅದನ್ನೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಧೈರ್ಯ ನನಗಿರಲಿಲ್ಲ, ಹಬ್ಬದ ಬಸ್ಸಿನಲ್ಲಿ ಮಕ್ಕಳು ಮರಿ ತುಂಬಿರುತ್ತವೆ.

ಸೋಮೇಶ ಅಷ್ಟರಲ್ಲಿ ಗುಂಡ್ಲುಪೇಟೆಗೆ ಹೋಗಿಯಾಗಿತ್ತು. ಅವನು ಮದ್ದೂರು ಚೆಕ್‌ಪೋಸ್ಟ್ ದಾಟಿ ಕೇರಳದ ಕಡೆಗೆ ತರಕಾರಿ ಹೂವು ಸಾಗಿಸುವ ಟೆಂಪೋ ಇಟ್ಟುಕೊಂಡಿದ್ದಾನೆ. ಹಬ್ಬಕ್ಕೆ ಅಲ್ಲಿನ ಸ್ಟ್ಯಾಂಡಿನವರೆಲ್ಲ ಸೇರಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೆ ಪೂಜೆ ಮಾಡಿಸುತ್ತಾರೆ.

ಹೊರಡುವ ಮುಂಚೆ ಹಬ್ಬದ ದಿನವಲ್ಲವೇ ಎಂದು ಅತ್ತೆಯ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ. ಅವರು ದೇವರ ಮನೆಯ ಹೊಸಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. ತಟ್ಟನೆ ಸೀರೆಯನ್ನು ಕೆಳಕ್ಕೆಳೆದು ಎರಡು ಹೆಜ್ಜೆ ಹಿಂದಕ್ಕೆ ಸರಿದು, "ಆಯ್ತು ಬುಡವ್ವ, ಕೈಮುಗುದ್ರೆ ಸಾಕು. ಬಸ್ಸು ಬಂದದೆ, ಓಗು" ಅಂದರು. ಬಸ್ಸಿನ ಹಾರ್ನು ನನಗೂ ಕೇಳಿಸಿತ್ತು. ಅಷ್ಟರಲ್ಲೇ ಮುಗಿಯಿತಲ್ಲ ಎಂದು ಖುಷಿಯಾಗಿಯೇ ಓಡಿದೆ.

ಚಾಮರಾಜನಗರದ ಬೀದಿಯಲ್ಲಿ ಕಾಲಿಟ್ಟ ಕಡೆಯೆಲ್ಲ ಒಡೆದ ಬೂದುಗುಂಬಳ. ಬೈಕು, ಆಟೋ, ಜೆಸಿಬಿ, ಕಬ್ಬಿನ ಹಾಲಿನ ಗಾಡಿ, ಎಲ್ಲಕ್ಕೂ ಬಾಳೆಕಂದು, ಕುಂಕುಮ. ಶರತ್‌ನ ಅಂಗಡಿಗೆ ಬೀಗ. ಅದರ ಪಕ್ಕದ್ದಕ್ಕೂ ಬೀಗ. ಸಂತೇಮರಹಳ್ಳಿ ರಸ್ತೆಯ ಕಡೆ ಸುಧಾಕರ್ ಎನ್ನುವವನ ಅಂಗಡಿ ಅರ್ಧ ಷಟರ್ ಎತ್ತಿತ್ತು. ಬಗ್ಗಿ ಒಳಗೆ ಹೋದೆ. ಅವನು ಪಂಚೆ ಉಟ್ಟುಕೊಂಡು, ತನ್ನ ಸ್ಕ್ರೂಡ್ರೈವರುಗಳನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಇಟ್ಟು, ಆಗತಾನೇ ಮಂಗಳಾರತಿ ಮುಗಿಸಿದ್ದ. ನಾನು ಪರಿಸ್ಥಿತಿ ಹೇಳಿದೆ. ಗಾಬರಿಯಾಗುವ ವಿಷಯವೇ ಎಂದು ಅವನೂ ಒಪ್ಪಿದ. ಆದರೆ ಪೂಜೆಗಿಟ್ಟ ಆಯುಧ ನಾಳೆ ಬೆಳಿಗ್ಗೆ ಮರುಪೂಜೆಯಾಗುವ ತನಕ ಎತ್ತುವ ಹಾಗಿಲ್ಲ, ಬೇರೆ ಸ್ಕ್ರೂಡ್ರೈವರು ತನ್ನ ಹತ್ತಿರ ಇಲ್ಲ ಎಂದ. ಬೇಕಾದರೆ ನಾನು ಕೊಂಡು ತರುತ್ತೇನೆ ಎಂದೆ. ಹೊಸದನ್ನೂ ಪೂಜೆಯಿಲ್ಲದೆ ಇವತ್ತು ಹಿಡಿಯುವುದಿಲ್ಲ ಎಂದು ಹೇಳಿ ಕೈಗೆ ಕಡ್ಲೆಪುರಿ ಪ್ರಸಾದ ಕೊಟ್ಟ. ವರ್ಷಪೂರ್ತಿ ಕೆಲಸಕ್ಕೆ ಬರುವುದು ವರ್ಷದಲ್ಲಿ ಒಂದು ದಿನ ದೇವರಾಗಿ ಕೂತರೆ, ಬೇಕಾದ ದಿನವೇ ಬೇಕಾದದ್ದು ಸಿಗುವುದಿಲ್ಲ. ಕಡ್ಲೆಪುರಿಯನ್ನು ಸಿಟ್ಟಿನಿಂದಲೇ ತಿಂದು ಮುಗಿಸಿ ಬಸ್ಸು ಹತ್ತಿದೆ.

ವಾಪಸ್ಸು ಬರುವಾಗ ಬಸ್ಸು ಎಲ್ಲ ಊರಿನಲ್ಲೂ ನಿಂತಿತು, ಎಲ್ಲ ಊರಿನವರೂ ಡ್ರೈವರಿಗೆ ಹಾರ ಹಾಕಿದರು. ನನಗೆ ಕಣ್ಣು ಮುಚ್ಚಿದರೆ ಹಿತ್ತಲಿನಲ್ಲಿ ಹೊಗೆ ಕಾಣುತ್ತಿತ್ತು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಲಿಗೆ ಓಡಿದೆ. ಮಂಕರಿ ಒಂದು ಕಡೆ ಬಿದ್ದಿತ್ತು. ಬಾಂಡ್ಲಿಯಲ್ಲಿ ಮರಳು ಮಾತ್ರ ಇತ್ತು.

ಮಾವ ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ಲ್ಯಾಪ್‌ಟಾಪು ಎಲ್ಲಿ ಎಂದು ಕೇಳಿದೆ.

"ಪೂಜೆಗ್ ಮಡಗದೆ. ನಿಮ್ಮತ್ತೆ ತಕ್ಕಬಾ ಅಂದ್ಲು, ನಾನೇ ತಂದ್ ಕೊಟ್ಟಿ" ಅಂದರು ಮಾವ ಸಾವಧಾನವಾಗಿ.

ನಮ್ಮ ದೇವರ ಮನೆ ಅಂದರೆ ನಡುಮನೆಯ ಮೂಲೆಯಲ್ಲಿ ಇಬ್ಬರು ಕೂತರೆ ತುಂಬುವ ಗೂಡು. ಅದರ ಹೊರಗಡೆಯೇ ಒಳ್ಳೆ ರೇಟು ಬರಲಿ ಎಂದು ಕಾಯುತ್ತಿರುವ ಅರಿಶಿನದ ಮೂಟೆಗಳು. ಒಳಗೆ ನೋಡಿದರೆ ಕುಡುಗೋಲು, ಮಚ್ಚು, ಗುದ್ದಲಿ, ಸೋಮೇಶನ ಸ್ಪ್ಯಾನರು, ಎಲ್ಲಕ್ಕೂ ಚೆಂಡು ಹೂವು. ಅವುಗಳ ನಡುವೆ ಬಾಳೆಲೆಯ ಮೇಲೆ ನನ್ನ ಲ್ಯಾಪ್‌ಟಾಪು. ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಅದರ ಮೇಲೆ ಒರಳಿನ ಗುಂಡುಕಲ್ಲು ಕೂತಿತ್ತು. ಗುಂಡುಕಲ್ಲಿಗೂ ಆವತ್ತು ಪೂಜೆ ಉಂಟು, ಅದು ಸರಿ. ಆದರೆ ಅದನ್ನು ಲ್ಯಾಪ್‌ಟಾಪಿನ ಮೇಲೆ ಇಟ್ಟದ್ದು ಊತ ಅಮುಕಿ ಇಳಿಯಲಿ ಎಂದು. ಒಂದು ಗೇಣಿನ ಆಚೆಗೆ ನವರಾತ್ರಿಯ ದೀಪ ಉರಿಯುತ್ತಿತ್ತು. ಅದಕ್ಕೆ ಅಂಟಿಕೊಂಡ ಹಾಗೆ ಗೋಡೆಗೆ ಒರಗಿ ನಮ್ಮತ್ತೆ ಕಾಲು ಚಾಚಿ ಕೂತಿದ್ದರು. ಕಾಲಿನ ಮೇಲೆ ಸೀರೆಯ ಸೆರಗು ಹರಡಿಕೊಂಡಿದ್ದರು.

ಶರತ್ ಒತ್ತಬೇಡಿ ಎಂದದ್ದು, ಬಿಸಿ ತಾಗಿಸಬೇಡಿ ಎಂದದ್ದು ಎರಡೂ ಅಲ್ಲಿ ಆಗಿತ್ತು.

"ಅತ್ತೆ, ಮೊದಲು ಆಚೆಗೆ ಬನ್ನಿ. ಅದು ಸಿಡಿಯುತ್ತೆ."

"ಪೂಜೆಗ್ ಮಡಗಿರದ್ನ ನಾಳೆಗಂಟ ಮುಟ್ಟಕ್ಕಿಲ್ಲ ಕಣವ್ವ. ನೀನ್ ಕೈಕಾಲ್ ತೊಳ್ಕಂಡ್ ಉಣ್ಣೋಗು."

"ನೀವು ಬನ್ನಿ. ಅದನ್ನ ನಾನು ನೋಡ್ಕೋತೀನಿ."

"ದೀಪ ಕಾಯ್ಬೇಕು. ನಾನ್ ಬರಕ್ಕಿಲ್ಲ."

ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನುಗ್ಗಿ ಎತ್ತಿಕೊಳ್ಳೋಣವೆಂದರೆ ಅವರನ್ನು ದಾಟಿಕೊಂಡೇ ಹೋಗಬೇಕು, ನಾನು ಕೈ ಹಾಕಿದಾಗಲೇ ಅದು ಸಿಡಿದರೆ ಮೊದಲು ಸುಡುವುದು ಅವರನ್ನೇ. ಹಾಗಾಗಿ ಅವರು ಎದ್ದ ಹೊರತು ಅದನ್ನು ಮುಟ್ಟುವ ಹಾಗಿರಲಿಲ್ಲ. ಮಾವನ ಹತ್ತಿರ ಓಡಿದೆ. ಅವಳು ಬೆಳಿಗ್ಗೆಯಿಂದ ಹಾಗೇ ಕೂತಿದ್ದಾಳೆ, ಮಧ್ಯಾಹ್ನ ಊಟಕ್ಕೂ ಏಳಲಿಲ್ಲ, ವ್ರತವೋ ಏನೋ, ನನ್ನನ್ನೂ ಗದರಿಸಿ ಕಳಿಸಿದಳು ಎಂದರು ಅವರು. ಸೋಮೇಶನಿಗೆ ಫೋನು ಮಾಡಿದೆ. ಅಲ್ಲಿ ತಮಟೆಯ ಸದ್ದು. ತನ್ನ ಗಾಡಿಯ ಪೂಜೆ ಮುಗಿಯಿತು, ಹೊರಟೇ ಬಿಟ್ಟಿದ್ದೇನೆ, ಅವ್ವ ಯಾರ ಮಾತೂ ಕೇಳುವುದಿಲ್ಲ, ನಾನು ಬರುವ ತನಕ ಜಗಳ ಮಾಡಬೇಡ ಎಂದ. ಜಗಳ ಮಾಡಲು ಹುಟ್ಟಿದವಳು ನಾನೊಬ್ಬಳೇ ಎನ್ನುವ ಹಾಗೆ.

ನಡುಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಅರಿಶಿನದ ಮೂಟೆಗಳನ್ನು ಒಂದೊಂದಾಗಿ ಬಾಗಿಲ ಕಡೆಗೆ ಎಳೆದೆ. ಕೊಟ್ಟಿಗೆಯ ಹಸುವಿನ ಹಗ್ಗ ಬಿಚ್ಚಿ ಆಚೆ ಕಟ್ಟಿದೆ. ಬಾಂಡ್ಲಿಯ ಮರಳನ್ನು ಅಂಗಳದ ನಡುವಿಗೆ ತಂದಿಟ್ಟೆ. ಪ್ರತಿ ಸಲ ಗೂಡಿನ ಮುಂದೆ ಹಾಯುವಾಗಲೂ ಏಳಿ ಅತ್ತೆ ಎಂದೆ, ಪ್ರತಿ ಸಲವೂ ಅವರು ದೀಪ ನೋಡಿಕೊಂಡು ಕೂತೇ ಇದ್ದರು. ಕೊನೆಗೆ ನನ್ನ ನಾಲಿಗೆ ಹಿಡಿತ ತಪ್ಪಿತು. ಒಂದು ಹಳೇ ಮಿಷನ್ನಿಗೋಸ್ಕರ ಮನೆ ಸುಡುತ್ತೀರಾ, ನಿಮಗೆ ಹಟ ಮುಖ್ಯವೋ ಮನೆ ಮುಖ್ಯವೋ ಎಂದು ಕೂಗಾಡಿಬಿಟ್ಟೆ. ಮದುವೆಯಾಗಿ ಬಂದ ಮೇಲೆ ಅವರ ಮುಂದೆ ಹಾಗೆ ದನಿಯೆತ್ತಿದ್ದು ಅದೇ ಮೊದಲು.

ಅತ್ತೆ ನನ್ನ ಕಡೆ ತಿರುಗಿದರು. "ಅನ್ನ ಆಕಿದ್ದು ಕಣಮ್ಮಿ ಅದು. ಒಸಿ ಊದ್ಕತು ಅಂತವ ಅಬ್ಬದ್ ದಿನವೂ ಇತ್ಲಲ್ ಬುಡದಾ?" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

ಅಷ್ಟರಲ್ಲಿ ಊದುಬತ್ತಿಯ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಸಿಹಿಯಾದ, ಮೂಗಿಗೆ ಚುಚ್ಚುವ, ನೈಲ್ ಪಾಲಿಶ್ ಸೀಸೆ ತೆಗೆದ ಹಾಗಿನ ವಾಸನೆ. ಗುಂಡುಕಲ್ಲಿನ ಕೆಳಗೆ ಟಿಕ್ ಎಂದಿತು. ಇನ್ನು ಕಾಯುವ ಹಾಗಿರಲಿಲ್ಲ. ಯೋಚನೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆಯ ಕಾಲು ದಾಟಿ ನುಗ್ಗಿ, ಗುಂಡುಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಲ್ಯಾಪ್‌ಟಾಪನ್ನು ಬಾಳೆಲೆಯ ಸಮೇತ ಬಾಚಿ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಅಂಗೈಗೆ ಬಿಸಿ ತಾಗುತ್ತಿತ್ತು. ಬಾಂಡ್ಲಿಗೆ ಎಸೆದು ಹಿಂದಕ್ಕೆ ಜಿಗಿಯುವಷ್ಟರಲ್ಲಿ ಅದು ಬುಸ್ ಎಂದು ಬಿಳಿ ಹೊಗೆ ಕಾರಿತು. ಹೊಗೆಯ ಹಿಂದೆಯೇ ಬೆಂಕಿ. ಮಾವ ಎಲೆ ಅಡಿಕೆ ಉಗಿದು ಓಡಿ ಬಂದು ಸನಿಕೆಯಲ್ಲಿ ಮಣ್ಣು ಎಳೆದು ಹಾಕಿದರು. ಗಾಳಿ ಮನೆಯ ಕಡೆಗಿತ್ತು, ಹೊಗೆಯೆಲ್ಲ ಬಾಗಿಲಿನಿಂದ ಒಳಗೆ ನುಗ್ಗಿತು. ನನ್ನ ಲ್ಯಾಪ್‌ಟಾಪು ವಿಭೂತಿ ಕುಂಕುಮದ ಸಮೇತ ಕರಗಿ ಮುದ್ದೆಯಾಯಿತು. ಅದರ ಮೇಲೆ ನನಗೆ ಒಂದು ಚೂರೂ ಮರುಕ ಬರಲಿಲ್ಲ.

ಬಂದದ್ದು ಗೆದ್ದ ಹೆಮ್ಮೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಈಗ ನೋಡಿ, ಯಾರು ಹೇಳಿದ್ದು ನಿಜವಾಯಿತು ಎಂದು ಕೇಳಬೇಕೆಂದು ಒಳಗೆ ಹೋದೆ. ನಡುಮನೆಯಲ್ಲಿ ಹೊಗೆ ಮಸಕಾಗಿ ತುಂಬಿತ್ತು. ಅತ್ತೆ ಅಲ್ಲೇ ಇದ್ದರು. ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತಾ, ಒಂದು ಅಂಗೈಯನ್ನು ನೆಲಕ್ಕೆ ಊರಿ ಮೇಲೇಳಲು ನೋಡುತ್ತಿದ್ದರು. ಅರ್ಧ ಎದ್ದು ಕುಸಿದರು. ಮತ್ತೆ ಊರಿದರು, ಮತ್ತೆ ಕುಸಿದರು. ನನ್ನನ್ನು ಕಂಡು ತಟ್ಟನೆ ಕೈ ಮಡಿಲಿಗೆ ಎಳೆದುಕೊಂಡು, ಏನೂ ಆಗದವರ ಹಾಗೆ ದೀಪದ ಬತ್ತಿ ಸರಿ ಮಾಡಲು ಹೋದರು.

ಹತ್ತಿರ ಹೋಗಿ ಬಗ್ಗಿದೆ. "ಬೆಂಕಿ ಬಿದ್ರೂ ಯಾಕೆ ಏಳಲಿಲ್ಲ ಅತ್ತೆ?"

"ಏಳಕಾಗಿದ್ರೆ ಕುಂತಿರ್ತಿದ್ನಾ?" ಅಂದರು. ಅಷ್ಟು ಅಂದು ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಕೂತು ಅವರ ಕಾಲಿನ ಮೇಲಿದ್ದ ಸೆರಗು ತೆಗೆದೆ. ಬೇಡ ಎಂದು ಕೈ ಅಡ್ಡ ತಂದರು, ಆ ಕೈಯನ್ನೂ ಸರಿಸಿದೆ. ಪಾದ, ಗೆಣ್ಣು, ಮೊಣಕಾಲಿನ ತನಕ ಒಂದೇ ಸಮ. ಚರ್ಮ ಮಿರುಗುವಷ್ಟು ಬಿಗಿದುಕೊಂಡಿತ್ತು. ಅರಿಶಿನದ ದಾರ ಬೆರಳಿನಲ್ಲಿ ಹುದುಗಿ ಕಾಣುವುದೇ ಕಷ್ಟವಾಗಿತ್ತು. ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದೆ. ಒತ್ತಿದ ಜಾಗ ಗುಳಿ ಬಿತ್ತು, ಬಿದ್ದ ಗುಳಿ ಹಾಗೆಯೇ ಉಳಿಯಿತು.

ಅಗಲದ ಚಪ್ಪಲಿ, ಸವೆದ ಕಾಲುಂಗುರ, ಗೋಡೆ ಹಿಡಿದು ನಿಂತದ್ದು, ಬೆಳಿಗ್ಗೆ ಹಿಂದಕ್ಕೆ ಸರಿದ ಹೆಜ್ಜೆ, ಎಲ್ಲವನ್ನೂ ಕಂಡಿದ್ದೆ. ಒಂದೊಂದಕ್ಕೂ ಒಂದೊಂದು ತಮಾಷೆ ಮಾಡಿ ಮುಂದಕ್ಕೆ ಹೋಗಿದ್ದೆ. ನನಗೆ ಅವರ ಮುಖ ನೋಡಲಾಗಲಿಲ್ಲ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೆ ಬಂದ ಅಸಹ್ಯವನ್ನು ಹೇಗೆ ಹೇಳಲಿ.

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ಅಕ್ಕ ಮೂಗಮ್ಮನಿಗೂ ಹೀಗೆಯೇ ಕಾಲು ಊದಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರಂತೆ. ಹೋದವಳು ವಾಪಸ್ಸು ಬರಲಿಲ್ಲ. ಹಬ್ಬ ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡಿದ್ದೆ ಎಂದರು. ಬೆಳಿಗ್ಗೆ ಪೂಜೆಗೆ ಕೂತವಳಿಗೆ ಆಮೇಲೆ ಏಳುವುದಕ್ಕೇ ಆಗಲಿಲ್ಲ, ನೀನು ಎಷ್ಟು ಬೈದರೂ ದೀಪದ ನೆವ ಹೇಳಿಕೊಂಡು ಕೂತೆ ಎಂದು ಸೇರಿಸಿದರು. ಲ್ಯಾಪ್‌ಟಾಪನ್ನು ಹಿತ್ತಲಿಗೆ ಹಾಕಿದ ರಾತ್ರಿ ಊಟಕ್ಕೆ ಕೂತಾಗ, ಊದಿದ ಮೇಲೆ ಎಸೆಯೋದೇ ಎಂದು ನಾನು ಆಡಿದ ಮಾತನ್ನು ಅವರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಅದು ನನ್ನ ಕಿವಿಯಲ್ಲೇ ಗುಂಯ್ ಅನ್ನುತ್ತಿತ್ತು.

ಟೆಂಪೋ ಬಂತು. ಮುಂದುಗಡೆ ಎರಡು ಬಾಳೆಕಂದು, ಗಾಜಿನ ಮೇಲೆ ಕುಂಕುಮದ ಬೊಟ್ಟು. ಸೋಮೇಶ ಅಂಗಳದ ಕರಕಲು ನೋಡಿ ನನಗೆ ಏನೋ ಅನ್ನಲು ಬಾಯಿ ತೆರೆದವನು, ಒಳಗೆ ಬಂದು ತನ್ನ ಅವ್ವನ ಕಾಲು ನೋಡಿ ಟೆಂಪೋದ ಹಿಂಬಾಗಿಲು ತೆಗೆಯಲು ಓಡಿದ. ನಾವಿಬ್ಬರೂ ಅವರನ್ನು ಕೈಮೇಲೆ ಎತ್ತಿಕೊಂಡು ಹೋಗಿ ಟೆಂಪೋದ ಹಿಂದೆ ಚಾಪೆ ಹಾಸಿ ಮಲಗಿಸಿದೆವು. ಮಾವ ದೀಪಕ್ಕೆ ಎಣ್ಣೆ ಬಿಟ್ಟು, ತಾನು ಕಾಯುತ್ತೇನೆ ಎಂದು ಬಾಗಿಲಲ್ಲಿ ನಿಂತರು.

ಗಾಡಿ ಚಾಮರಾಜನಗರದ ರಸ್ತೆಗೆ ಬಿತ್ತು. ನಾನು ಹಿಂದೆ ಕೂತು ಅತ್ತೆಯ ಕಾಲುಗಳನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದೆ. ಅಲ್ಲಾಡಿದಾಗಲೆಲ್ಲ ಅವರಿಗೆ ಉಸಿರು ಹಿಡಿಯುತ್ತಿತ್ತು. ಒಂದಷ್ಟು ದೂರ ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು, "ಆಸ್ಪತ್ರೇಲೇ ಬುಟ್ಬುಟ್ ಬರಕಿಲ್ಲ ತಾನೆ ಪವಿತ್ರ? ಮನೆಗ್ ಕರ್ಕಬತ್ತೀಯಾ?"

"ಕರ್ಕೊಂಡೇ ಬರ್ತೀನಿ ಅತ್ತೆ."

ಡಾಕ್ಟರು ಏನು ಹೇಳುತ್ತಾರೋ ಯಾರಿಗೆ ಗೊತ್ತು. ಆ ಎರಡು ಪಾದಗಳನ್ನು ಕೈಯಲ್ಲಿ ಹಿಡಿದು ಬಗ್ಗಿ ಹಣೆ ಮುಟ್ಟಿಸಿದೆ. ಬೆಳಿಗ್ಗೆ ಬಸ್ಸಿನ ಹಾರ್ನಿಗೆ ಬಿಟ್ಟು ಓಡಿದ ನಮಸ್ಕಾರ ಅದು. ಈ ಸಲ ಅವರು ಕಾಲು ಎಳೆದುಕೊಳ್ಳಲಿಲ್ಲ.